ಜಲಜಾಕ್ಷಿಯ ಚಪ್ಪಲಿ ಚೀಲ

ಜಲಜಾಕ್ಷಿಗೆ ಹೊಟ್ಟೆಕಿಚ್ಚೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅವಳೇ ಹೇಳಿದರಂತೂ ಖಂಡಿತ ನಂಬಬೇಡಿ. ಬ್ರಹ್ಮಾವರದಿಂದ ಅಕ್ಕ ಗೌರಿಯ ಫೋನು ಬಂದ ಮಧ್ಯಾಹ್ನದಿಂದ ಅವಳ ಹೊಟ್ಟೆಯೊಳಗೆ ಒಲೆ ಹೊತ್ತಿಕೊಂಡಿತ್ತು. ಅಕ್ಕ ಹೇಳಿದ್ದು ಸಂತೋಷದ ಸುದ್ದಿಯೇ. ಮಹಿಳಾ ಮಂಡಳಿಯವರೆಲ್ಲ ಕೋಲ್ಕತಾಕ್ಕೆ ಬರುತ್ತಿದ್ದಾರೆ, ಕಾಳಿಘಾಟ್ ನೋಡುತ್ತಾರೆ, ನದಿಯ ಅಡಿಯಲ್ಲಿ ಓಡುವ ಮೆಟ್ರೋ ಹತ್ತುತ್ತಾರೆ, ದುರ್ಗಾಪೂಜೆಗೆ ಮುಂಚೆಯೇ ಪಂಡಾಲು ಕಟ್ಟುವುದನ್ನು ಹತ್ತಿರದಿಂದ ನೋಡುತ್ತಾರೆ.

"ನಿಂಗೆ ತೊಂದರೆ ಕೊಡುದಿಲ್ಲ ಮಾರಾಯ್ತಿ. ಹೋಟ್ಲು, ಬಸ್ಸು ಎಲ್ಲ ಸೇರಿ ಪ್ಯಾಕೇಜ್ ಉಂಟು. ನಮ್ರತಾ ಅಂತ ಒಂದು ಹುಡುಗಿ ಎಲ್ಲ ನೋಡಿಕೊಳ್ತದಂತೆ."

ತೊಂದರೆಯಂತೆ! ಜಲಜಾಕ್ಷಿ ಫೋನಿಟ್ಟು, ಹೆಚ್ಚುತ್ತಿದ್ದ ಬೆಂಡೆಕಾಯಿಯನ್ನು ಅಲ್ಲೇ ಬಿಟ್ಟು, ಬಾಲ್ಕನಿಗೆ ಹೋಗಿ ನಿಂತಳು.

ಅವಳ ಸಂಕಟ ಅರ್ಥವಾಗಬೇಕಾದರೆ ಅವಳು ಯಾರೆಂದು ತಿಳಿದಿರಬೇಕು. ಗಂಡ ಪುಂಡಲೀಕ ಬ್ಯಾಂಕಿನವರು. ಮದುವೆಯಾದ ಹೊಸದರಲ್ಲಿ ವರ್ಗವಾಗಿ ಬಂದವರು, ನಿವೃತ್ತಿಯಾದ ಮೇಲೂ ಬಾಲಿಗಂಜಿನ ಫ್ಲ್ಯಾಟಿನಲ್ಲೇ ಉಳಿದುಬಿಟ್ಟರು. ಅಂದಿನಿಂದ ಕರಾವಳಿಯ ಯಾರೇ ಕಾಳಿಯ ದರ್ಶನಕ್ಕೆಂದು ಈ ಊರಿಗೆ ಬರಲಿ, ಹೌರಾ ಸ್ಟೇಷನ್ನಿನಲ್ಲಿ ಇಳಿದು ಮೊದಲು ಬರುತ್ತಿದ್ದುದು ಇವಳ ಮನೆಗೆ. ಸ್ನಾನಕ್ಕೆ ಬಿಸಿನೀರು, ತಿಂಡಿಗೆ ನೀರುದೋಸೆ, ಆಮೇಲೆ ಟ್ರಾಮು. ಮುಂದೆ ಜಲಜಾಕ್ಷಿ, ಹಿಂದೆ ನೆಂಟರ ಸಾಲು. ಅವಳ ಕೈಯಲ್ಲಿ ಗೋಧಿ ಹಿಟ್ಟಿನ ಹತ್ತಿ ಚೀಲವೊಂದು ಇದ್ದೇ ಇರುತ್ತಿತ್ತು. ಅದು ಚಪ್ಪಲಿಗೆ. ದೇವಸ್ಥಾನದ ಎದುರು ಚಪ್ಪಲಿ ಬಿಟ್ಟರೆ ಒಳಗೆ ದೇವಿಗಿಂತ ಚಪ್ಪಲಿಯ ಧ್ಯಾನವೇ ಜಾಸ್ತಿಯಾಗುತ್ತದೆಂದು, ಎಲ್ಲರದ್ದನ್ನೂ ಚೀಲಕ್ಕೆ ತುಂಬಿಕೊಂಡು ಇವಳು ಹೊರಗೆ ನಿಲ್ಲುತ್ತಿದ್ದಳು. ನೆಂಟರು ಊರಿಗೆ ಹೋಗಿ ಜಲಜಾಕ್ಷಿ ಇಲ್ಲದಿದ್ದರೆ ನಮ್ಮ ಗತಿ ಏನಾಗುತ್ತಿತ್ತೋ ಎಂದು ಹೇಳುತ್ತಿದ್ದರು. ಆ ಮಾತು ಫೋನಿನಲ್ಲಿ ಸುತ್ತಿ ಬಂದು ಅವಳ ಕಿವಿಗೆ ಬೀಳುತ್ತಿತ್ತು. ಅವಳಿಗೆ ಬೇಕಾದದ್ದೂ ಅಷ್ಟೇ.

ಇನ್ನು ನಮ್ರತಾ. ಮೈಸೂರಿನವಳು, ಗಂಡ ಅರವಿಂದ ಮೆಟ್ರೋದಲ್ಲಿ ಎಂಜಿನಿಯರು, ಮನೆ ಜೋಕಾದಲ್ಲಿ. ಹೊಸತಾಗಿ ಬಂದಾಗ ಕನ್ನಡ ಸಂಘದ ಊಟದಲ್ಲಿ ಮೂಲೆಯ ಕುರ್ಚಿಯಲ್ಲಿ ಪೆಚ್ಚುಮೋರೆ ಹಾಕಿಕೊಂಡು ಕೂತಿದ್ದವಳನ್ನು ಎಬ್ಬಿಸಿ ಮಾತಾಡಿಸಿದ್ದೇ ಜಲಜಾಕ್ಷಿ. ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಲೆ ಎಲ್ಲಿ ಸಿಗುತ್ತದೆ, ಕರಿಬೇವು ಯಾರ ಹತ್ತಿರ ಕೊಳ್ಳಬೇಕು, ಪಂಡಾಲಿಗೆ ಯಾವ ಗಲ್ಲಿಯಿಂದ ನುಗ್ಗಬೇಕು, ಎಲ್ಲ ಕೈ ಹಿಡಿದು ತೋರಿಸಿದ್ದಳು. ಈಗ ಅದೇ ಹುಡುಗಿ ಇವೆಂಟ್ ಕಂಪನಿ ತೆಗೆದಿದ್ದಾಳೆ. ಮದುವೆ, ಸಮ್ಮೇಳನ, ಅದರ ಜೊತೆಗೆ ನಗರದ ನಡಿಗೆ. ಬಂದವರ ಕುತ್ತಿಗೆಗೆ ಹಳದಿ ಶಲ್ಯ, ಕಿವಿಗೆ ಪುಟ್ಟ ಯಂತ್ರ. ಅವಳು ಮೈಕಿನಲ್ಲಿ ಪಿಸುಗುಟ್ಟಿದರೂ ಎಲ್ಲರ ಕಿವಿಯೊಳಗೇ ಕೂತು ಮಾತಾಡಿದ ಹಾಗೆ ಕೇಳುತ್ತದಂತೆ.

ಆ ರಾತ್ರಿ ಊಟವಾದ ಮೇಲೆ ಜಲಜಾಕ್ಷಿ ಗಂಡನ ಫೋನಿನಲ್ಲಿ ನಮ್ರತಾಳ ವಿಡಿಯೋಗಳನ್ನು ಒಂದೊಂದಾಗಿ ನೋಡಿದಳು. ಸೀರೆ ಚೆನ್ನಾಗಿಲ್ಲ ಎಂದಳು. ನಗು ನಾಟಕ ಎಂದಳು. ಇಷ್ಟೊಂದು ಜನ ಮೆಚ್ಚಿದ್ದಾರಲ್ಲ, ಇವರಿಗೆಲ್ಲ ಮಾಡಲು ಕೆಲಸವಿಲ್ಲವೇ ಎಂದಳು. ಪುಂಡಲೀಕ ಪೇಪರಿನಿಂದ ತಲೆ ಎತ್ತದೆ, ನಿನ್ನ ಮಂಡಿನೋವಿಗೆ ಇನ್ನು ರಜೆ ಸಿಕ್ಕಿತಲ್ಲ ಎಂದರು. ಅಷ್ಟರಲ್ಲಿ ಮುಂದಿನ ವಿಡಿಯೋ ಶುರುವಾಗಿತ್ತು. ಅದರ ಹೆಸರು 'ಅಮ್ಮನ ಹಾದಿ'.

ನೋಡುತ್ತ ನೋಡುತ್ತ ಅವಳ ಮೈಯೆಲ್ಲ ಉರಿದುಹೋಯಿತು. ಲೇಕ್ ಮಾರ್ಕೆಟ್ಟಿನ ಹೂವಿನಂಗಡಿಗಳ ಎದುರು ಜನ ಚಪ್ಪಲಿ ಕಳಚುತ್ತಿದ್ದಾರೆ. ಕೈಯಲ್ಲಿ ಕೆಂಪು ಜಬಾ, ಅಂದರೆ ನಮ್ಮ ದಾಸವಾಳ. ಅಲ್ಲಿಂದ ಕಾಳಿಘಾಟಿಗೆ ಬರಿಗಾಲಿನಲ್ಲಿ ನಡಿಗೆ. ಇದು ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ ಎಂದು ನಮ್ರತಾ ಭಕ್ತಿಯಿಂದ ಹೇಳುತ್ತಿದ್ದಾಳೆ.

ಹಿಂದಿನಿಂದಲೂ ಇಲ್ಲ, ಮುಂದಿನಿಂದಲೂ ಇಲ್ಲ. ಆ ಪದ್ಧತಿಯನ್ನು ಹುಟ್ಟಿಸಿದವಳು ಜಲಜಾಕ್ಷಿ!

ಆಗ ಅವಳು ಹೊಸ ಸೊಸೆ. ಅವಳ ಅಮ್ಮ ಮತ್ತು ಅಕ್ಕ ಗೌರಿ ಮೊದಲ ಸಲ ಬಂದಿದ್ದರು. ಮುಸ್ಸಂಜೆಗೆ ಬಾಲಿಗಂಜಿನಿಂದ ಹೊರಟ ಟ್ರಾಮು ಲೇಕ್ ಮಾರ್ಕೆಟ್ಟಿನ ಎದುರು ಕರೆಂಟು ಹೋಗಿ ನಿಂತುಬಿಟ್ಟಿತು. ಅಮ್ಮನ ಮುಖ ಕಪ್ಪಿಟ್ಟಿತು. ದೇವರ ಕಾರ್ಯಕ್ಕೆ ಹೊರಟಾಗ ದಾರಿಯಲ್ಲಿ ಬಂಡಿ ನಿಂತರೆ ಅಪಶಕುನ, ತಿರುಗಿ ಮನೆಗೆ ಹೋಗುವ ಎಂದು ಹಟ ಹಿಡಿದಳು. ಅಷ್ಟು ದೂರದಿಂದ ರೈಲಿನಲ್ಲಿ ಬಂದು ದರ್ಶನವಿಲ್ಲದೆ ಹೋಗುವುದೇ? ಜಲಜಾಕ್ಷಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. ಇಲ್ಲಿ ಹಾಗಲ್ಲಮ್ಮ, ಇಲ್ಲಿ ಟ್ರಾಮು ತಾನಾಗಿ ನಿಂತರೆ ದೇವಿ ಕರೆದಳು ಎಂದರ್ಥ, ಇಳಿದು ಹೂವು ಹಿಡಿದು ಬರಿಗಾಲಿನಲ್ಲಿ ಹೋಗಬೇಕು. ಅಮ್ಮ ತಟ್ಟನೆ ಇಳಿದಳು. ಮೂರು ಜೊತೆ ಚಪ್ಪಲಿ ತರಕಾರಿ ಚೀಲಕ್ಕೆ ಹೋದವು. ಅಮ್ಮ ಊರಿಗೆ ಹೋಗಿ ಅದನ್ನು ಕೇರಿಗೆಲ್ಲ ಸಾರಿದಳು. ಆಮೇಲೆ ಬಂದ ನೆಂಟರೆಲ್ಲ ಅಲ್ಲೇ ಇಳಿಯಬೇಕೆಂದರು. ಸುಳ್ಳೆಂದು ಹೇಳಲು ಜಲಜಾಕ್ಷಿಗೆ ಬಾಯಿ ಬರಲಿಲ್ಲ. ಹೇಳಬೇಕೆಂದು ಅನ್ನಿಸಲೂ ಇಲ್ಲ. ಮುಂದೊಂದು ದಿನ ನಮ್ರತಾಳನ್ನೂ ಹಾಗೆಯೇ ನಡೆಸಿಕೊಂಡು ಹೋಗಿದ್ದಳು.

ಅಕ್ಕ ಬರುವ ಹೊತ್ತಿಗೆ ಜಲಜಾಕ್ಷಿ ನಿರ್ಧಾರ ಮಾಡಿಯಾಗಿತ್ತು. ಎಲ್ಲರೆದುರೇ ನಮ್ರತಾಳ ಬಂಡವಾಳ ಬಯಲು ಮಾಡಬೇಕು. ಅದರ ಜೊತೆಗೆ ತನ್ನದೂ ಬಯಲಾಗುತ್ತದಲ್ಲ, ಅಕ್ಕ ಇಷ್ಟು ವರ್ಷ ನಂಬಿದ್ದು ಸುಳ್ಳೆಂದಾಗುತ್ತದಲ್ಲ ಎಂಬುದು ಹೊಳೆಯದೆ ಇರಲಿಲ್ಲ. ಆದರೆ ಹೊಟ್ಟೆ ಉರಿಯುವಾಗ ಅಷ್ಟು ದೂರದ ಯೋಚನೆ ಯಾರಿಗೆ ಬೇಕು?

ನಡಿಗೆಯ ಬೆಳಿಗ್ಗೆ ಅವಳು ಕರೆಯದೆಯೇ ಲೇಕ್ ಮಾರ್ಕೆಟ್ಟಿಗೆ ಹೋದಳು. ಅಭ್ಯಾಸಬಲದಿಂದ ಹತ್ತಿ ಚೀಲವನ್ನೂ ಹಿಡಿದಿದ್ದಳು. ಆ ದಾರಿಯಲ್ಲಿ ಈಗ ಟ್ರಾಮಿಲ್ಲ. ರಸ್ತೆಯಂಚಿನಲ್ಲಿ ಪಂಡಾಲಿನ ಬಿದಿರು ಎದ್ದಿತ್ತು. ಏಸಿ ಬಸ್ಸಿನಿಂದ ಮಹಿಳಾ ಮಂಡಳಿ ಇಳಿಯಿತು, ಎಲ್ಲರ ಕುತ್ತಿಗೆಯಲ್ಲೂ ಹಳದಿ ಶಲ್ಯ. ಗೌರಿಯ ಕುತ್ತಿಗೆಯಲ್ಲೂ. ಅದನ್ನು ಕಂಡದ್ದೇ ಜಲಜಾಕ್ಷಿಗೆ ಅಕ್ಕನನ್ನೇ ಯಾರೋ ಕದ್ದ ಹಾಗಾಯಿತು.

ನಮ್ರತಾ ಓಡಿಬಂದು ಆಂಟಿ ಆಂಟಿ ಎಂದು ಕಾಲಿಗೆ ನಮಸ್ಕಾರ ಮಾಡಿ, ಅವಳ ಕಿವಿಗೂ ಒಂದು ಯಂತ್ರ ಸಿಕ್ಕಿಸಿದಳು. ಕಥೆ ಶುರುವಾಯಿತು. ತಾನಾಗಿ ನಿಂತ ಟ್ರಾಮು, ದೇವಿಯ ಕರೆ, ಹೂವು, ಬರಿಗಾಲು. ತನ್ನದೇ ಮಾತು, ತನ್ನದೇ ಕಿವಿಯೊಳಗೆ, ಬೇರೆಯವಳ ದನಿಯಲ್ಲಿ. ಒಂದು ಕಡೆಯೂ ಜಲಜಾಕ್ಷಿಯ ಹೆಸರಿಲ್ಲ. ಕೊನೆಗೆ ನಮ್ರತಾಳ ಕಡೆಯವರು ಹೆಸರು ಅಂಟಿಸಿದ ನೀಲಿ ಚೀಲಗಳನ್ನು ಹಂಚಿದರು. ಚಪ್ಪಲಿ ಅದರಲ್ಲಿ ಹಾಕಿ ಕೊಟ್ಟರೆ, ದೇವಸ್ಥಾನದ ಹೊಸ ಸ್ಕೈವಾಕಿನ ಆ ತುದಿಯಲ್ಲಿ ಬಸ್ಸಿನವರು ತಲುಪಿಸುತ್ತಾರಂತೆ.

ಚೀಲವೂ ಹೋಯಿತೇ! ಜಲಜಾಕ್ಷಿ ಕಿವಿಯ ಯಂತ್ರ ಕಿತ್ತು, ಗುಂಪಿನ ನಡುವೆ ಬಂದು ನಿಂತಳು.

"ಇದು ಯಾವ ಪದ್ಧತಿಯೂ ಅಲ್ಲ. ಆವತ್ತು ಕರೆಂಟು ಹೋದದ್ದು. ಅಮ್ಮ ಹಟ ಮಾಡಿದಳು ಅಂತ ನಾನೇ ಕಟ್ಟಿ ಹೇಳಿದ ಸುಳ್ಳು ಇದು."

ಹೂವಿನವನೂ ಮಾಲೆ ಕಟ್ಟುವುದನ್ನು ನಿಲ್ಲಿಸಿ ನೋಡಿದ. ನಮ್ರತಾ ಬೆಪ್ಪಾಗುತ್ತಾಳೆ, ಕಣ್ಣಲ್ಲಿ ನೀರು ಹಾಕುತ್ತಾಳೆ ಎಂದು ಜಲಜಾಕ್ಷಿ ಕಾದಳು. ನಮ್ರತಾಳ ಮುಖ ಅರಳಿತು.

"ಅಯ್ಯೋ ಆಂಟಿ, ಇದು ಇನ್ನೂ ಚೆನ್ನಾಗಿದೆ! ಮೊದಲೇ ಹೇಳ್ಬಾರ್ದಿತ್ತಾ? ಮುಂದಿನ ಸಲದಿಂದ ಇದನ್ನೂ ಸೇರಿಸ್ಕೋತೀನಿ."

ಮಂಡಳಿಯವರು ನಕ್ಕರು. ಒಬ್ಬರು ಇನ್ನೊಮ್ಮೆ ಹೇಳಿ, ವಿಡಿಯೋ ಮಾಡುವ ಎಂದರು. ಮುಗಿಯಿತು. ಇದ್ದ ಒಂದು ಅಸ್ತ್ರವನ್ನೂ ಜಲಜಾಕ್ಷಿ ತನ್ನ ಕೈಯಾರೆ ಅವಳ ಮಡಿಲಿಗೆ ಹಾಕಿದ್ದಳು. ಈಗ ಅಕ್ಕನ ಮುಖ ನೋಡುವುದೊಂದು ಬಾಕಿ. ನೋಡಲು ಧೈರ್ಯವಾಗಲಿಲ್ಲ. ಗೌರಿಯೇ ಹತ್ತಿರ ಬಂದಳು.

"ಕರೆಂಟು ಹೋದದ್ದು ನಂಗೆ ಗೊತ್ತಿರಲಿಲ್ಲವಾ ಜಲಜಾ? ಬೀದಿ ದೀಪ, ಅಂಗಡಿ ದೀಪ ಎಲ್ಲ ಆರಿತ್ತಲ್ಲ. ಅಮ್ಮನಿಗೂ ಗೊತ್ತಿತ್ತು."

"ಮತ್ತೆ ಎಂತಕ್ಕೆ ನಡೆದದ್ದು?"

"ನೀನು ಕರೆದೆ. ಪರವೂರಲ್ಲಿ ನಿನ್ನ ಮಾತು ನಡೀಲಿ ಅಂತ ಅಮ್ಮ ಇಳಿದದ್ದು."

ಆ ಕಡೆ ನೀಲಿ ಚೀಲಗಳು ಒಂದೊಂದಾಗಿ ಬಸ್ಸಿಗೆ ಹೋಗುತ್ತಿದ್ದವು. ಗೌರಿಯ ಹೆಸರು ಕೂಗಿದರು. ಅವಳು ತನಗೆ ಕೊಟ್ಟ ನೀಲಿ ಚೀಲವನ್ನು ಖಾಲಿಯಾಗಿಯೇ ಹಿಂತಿರುಗಿಸಿ, ಬಾಗಿ ಕಾಲಿನ ಚಪ್ಪಲಿ ಕಳಚಿ ತಂಗಿಯ ಮುಂದೆ ಹಿಡಿದಳು.

"ಇದನ್ನು ನೀನೇ ಹಿಡ್ಕೊ. ಬಸ್ಸಿನವರನ್ನು ನಂಬಿ ಕೊಡುದು ಹೇಗೆ?"

ಜಲಜಾಕ್ಷಿ ತೆಗೆದುಕೊಂಡಳು. ಹತ್ತಿ ಚೀಲ ಕಂಕುಳಲ್ಲೇ ಇತ್ತು, ಆದರೆ ಅದಕ್ಕೆ ಹಾಕಲಿಲ್ಲ. ಮುಂದೆ ನಡೆಯುತ್ತಿದ್ದ ನಮ್ರತಾ ತಿರುಗಿ ನೋಡಿದಾಗಲೆಲ್ಲ ಕಾಣುವ ಹಾಗೆ, ಅಕ್ಕನ ಚಪ್ಪಲಿಯನ್ನು ಕೈಯಲ್ಲೇ ಎತ್ತಿ ಹಿಡಿದುಕೊಂಡು ಕಾಳಿಘಾಟಿನ ತನಕ ನಡೆದಳು.