ಟವೆಲ್ಲಿನ ಕೆಳಗೆ ಕುದುರಿದ ಕಂಪ್ಯೂಟರ್

೧೯೯೮ನೇ ಇಸವಿ. ಆಗ ನಾನು ಆಳಂದದಲ್ಲಿ ಗೃಹಿಣಿಯಾಗಿದ್ದೆ. ಈ ಹುದ್ದೆಗೆ ನೇಮಕಾತಿ ಆದೇಶವಿಲ್ಲ, ನಿವೃತ್ತಿಯೂ ಇಲ್ಲ. ವರ್ಗಾವಣೆ ಮಾತ್ರ ಉಂಟು. ಗುಲ್ಬರ್ಗಾದ ಕಾನ್ವೆಂಟಿನಲ್ಲಿ ಓದಿದ ನನಗೆ ಮದುವೆಯೆಂಬ ವರ್ಗಾವಣೆಯಲ್ಲಿ ಆಳಂದದ ಅಡತ್ ವ್ಯಾಪಾರಿಗಳ, ಅಂದರೆ ಕಾಳುಕಡಿಯ ದಲ್ಲಾಳಿಗಳ, ತುಂಬಿದ ಮನೆ ಸಿಕ್ಕಿತ್ತು. ಯಜಮಾನರು ಜೇವರ್ಗಿಯಲ್ಲಿ ಶಾಲಾ ಮಾಸ್ತರರು. ಶನಿವಾರ ಸಂಜೆ ಬಂದರೆ ಸೋಮವಾರದ ಮೊದಲ ಬಸ್ಸಿಗೆ ಹೊರಡುವರು. ಉಳಿದ ದಿನಗಳಲ್ಲಿ ಮನೆಯ ಆಡಳಿತ ಅವರ ಅಣ್ಣ, ನನ್ನ ಭಾವ ಚನ್ನಬಸಪ್ಪನವರದು. ತೊಗರಿ, ಜೋಳ ಖರೀದಿಯಲ್ಲಿ ಅವರ ಮಾತನ್ನು ನಿಂಬರ್ಗಾದಿಂದ ಖಜೂರಿಯವರೆಗೆ ಯಾರೂ ಮೀರುತ್ತಿರಲಿಲ್ಲ. ನನ್ನೊಡನೆ ಅವರು ನೇರವಾಗಿ ಮಾತಾಡುತ್ತಿರಲಿಲ್ಲ. ನಾನು ಎದುರಿಗಿದ್ದರೂ ಗೋಡೆಗೆ ಹೇಳುವಂತೆ, “ಕಾನ್ವೆಂಟಿನವರಿಗಿ ಹೇಳ್ರಿ, ಚಾದಾಗ ಸಕ್ರಿ ಕಡಿಮಿ ಅದ,” ಎನ್ನುವರು.

ಆ ವರ್ಷ ನಾದಿನಿ ಸುವರ್ಣಾ ಅಫಜಲಪುರ ತಾಲೂಕಿನ ಮಣ್ಣೂರಿನಿಂದ ತವರಿಗೆ ಬಂದಳು. ಎಡಗೈಯ ಹೆಬ್ಬೆರಳು ಸೊಟ್ಟಗೆ ಕೂಡಿಕೊಂಡಿತ್ತು. ಕೇಳಿದವರಿಗೆಲ್ಲ ಬಾವಿಕಟ್ಟೆಯ ಮೇಲೆ ಜಾರಿದೆ ಎನ್ನುವಳು. ಆದರೆ ಯಾರಾದರೂ ಗಂಡಸರು ಜೋರಾಗಿ ಬಾಗಿಲು ನೂಕಿದರೆ ಆ ಕೈ ತಾನಾಗಿ ಸೆರಗಿನೊಳಗೆ ಹೋಗುತ್ತಿತ್ತು. ನಾನು ಏನನ್ನೂ ಕೇಳಲಿಲ್ಲ. ಕಂಡದ್ದೇ ಸಾಕಾಗಿತ್ತು.

ಭಾವನವರು ತೀರ್ಪು ಕೊಟ್ಟರು: ಯುಗಾದಿ ಕಳೆದ ಮೇಲೆ ಗಂಡ ಬಂದು ಕರೆದೊಯ್ಯಲಿ.

ಸುವರ್ಣಾ ಮದುವೆಗೆ ಮೊದಲು ಟೈಪಿಂಗ್ ಸೀನಿಯರ್ ಪಾಸಾಗಿದ್ದಳು. ನಮ್ಮ ಪರಿಚಯದ ವಕೀಲರ ಮನೆಯವರು, ಕೋರ್ಟಿನ ಕಾಗದಗಳನ್ನು ಇನ್ನು ಕಂಪ್ಯೂಟರಿನಲ್ಲೇ ಮಾಡಿಸುವುದು, ಮನೆಯಲ್ಲಿ ಒಂದು ಇದ್ದರೆ ಕೆಲಸ ಕಳಿಸುತ್ತೇವೆ ಎಂದಿದ್ದರು. ಬಜಾರಿನಲ್ಲಿ ಕೂತು ಟೈಪು ಮಾಡಲು ನಮ್ಮ ಮನೆಯ ಹೆಂಗಸರಿಗೆ ಅಪ್ಪಣೆ ಇರಲಿಲ್ಲ. ಯಜಮಾನರು ಅಣ್ಣನ ಕೈಕಾಲು ಹಿಡಿದು ಒಪ್ಪಿಸಿದರು. ಭಾವನವರ ಷರತ್ತು ಒಂದೇ.

“ಒಂದೇ ಸಲ ತರ್ತೀನಿ. ನಡೀತು, ಇರ್ಲಿ. ಕೆಟ್ಟು ಕುಂತ್ರ ಮಣ್ಣೂರಿಗಿ ನಡಿ. ಮತ್ತ ಅಳಬಾರ್ದು.”

ಹೀಗೆ ಒಂದು ಕಂಪ್ಯೂಟರಿನ ಮೇಲೆ ಒಬ್ಬ ಹೆಣ್ಣುಮಗಳ ಬದುಕು ನಿಂತಿತು.

ಮುಂದಿನ ವಾರ ನಾನು ಯಜಮಾನರೊಡನೆ ಜೇವರ್ಗಿಗೆ ಹೋಗಿ ಅಲ್ಲಿನ ಒಂದು ಟೈಪಿಂಗ್ ಕೇಂದ್ರದಲ್ಲಿ ಕೂತೆ. ಅಲ್ಲಿ ಕೆಲಸ ಮಾಡುವ ಹುಡುಗಿಯರ ಕೈಗಳನ್ನು ನೋಡಿದೆ, ಬಾಯಿಬಿಟ್ಟು ಕೇಳಿದೆ. ತಿಳಿದದ್ದು ಇಷ್ಟು. ಕಾಗದಪತ್ರ ಟೈಪು ಮಾಡಲು ಬಣ್ಣದ ಪರದೆ ಬೇಡ, ಕಪ್ಪುಬಿಳುಪು ಮಾನಿಟರ್ ಸಾಕು. ಹಾಡು ಕೇಳುವ ಸ್ಪೀಕರ್ ಬೇಡವೇ ಬೇಡ. ರ‍್ಯಾಮ್ ಮಾತ್ರ ಮೂವತ್ತೆರಡು ಎಂಬಿ ಇರಬೇಕು. ರ‍್ಯಾಮ್ ಎಂದರೆ ಕೆಲಸ ನಡೆಯುವಾಗ ಯಂತ್ರ ತನ್ನ ಮುಂದೆ ಹರವಿಕೊಳ್ಳುವ ಜಾಗ; ರೊಟ್ಟಿ ಬಡಿಯುವಾಗ ನಮಗೆ ಪರಾತದ ಅಗಲ ತಟ್ಟೆ ಇದ್ದಂತೆ. ಅದು ಸಣ್ಣದಾದರೆ ಕನ್ನಡ ಅಕ್ಷರದ ತಂತ್ರಾಂಶ ತೆರೆದ ಕೂಡಲೇ ಯಂತ್ರ ಕಣ್ಣು ಮೇಲೆ ಮಾಡುತ್ತದೆ. ಅಚ್ಚು ಹಾಕಲು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಯುಪಿಎಸ್, ಅಂದರೆ ಕರೆಂಟ್ ಹೋದಾಗ ಕೆಲವು ನಿಮಿಷ ಯಂತ್ರವನ್ನು ಉಳಿಸುವ ಬ್ಯಾಟರಿ ಡಬ್ಬಿ. ನಮ್ಮ ಆಳಂದದ ಕರೆಂಟಿಗೆ ಅದಿಲ್ಲದೆ ಕಂಪ್ಯೂಟರ್ ತರುವುದು ಗಾಳಿಯಲ್ಲಿ ದೀಪ ಹಚ್ಚಿದಂತೆ. ಭಾವನವರು ಗೊತ್ತುಮಾಡಿದ ಹಣದಲ್ಲಿ ಎಲ್ಲವೂ ಬರುವಂತಿರಲಿಲ್ಲ. ಬೇಡದ್ದನ್ನು ಬಿಟ್ಟರೆ ಬೇಕಾದದ್ದು ಬರುತ್ತಿತ್ತು.

ಅಂಗಡಿಯನ್ನು ಆರಿಸಿದವರು ಭಾವನವರೇ. ಟಿ.ವಿ., ಫ್ರಿಜ್ ಮಾರುತ್ತಿದ್ದ ಗುರುನಾಥ ಆಗಷ್ಟೇ ಕಂಪ್ಯೂಟರ್ ಇಡತೊಡಗಿದ್ದ. ಅವನ ತಂದೆಯೂ ಅಡತ್ತಿನವರಾಗಿದ್ದರಿಂದ ಅಂಗಡಿಯ ತುಂಬ ಭಾವನವರ ಜೊತೆಗಾರರೇ ಇದ್ದರು. ನನಗೂ ಸುವರ್ಣಾಳಿಗೂ ಮೂಲೆಯಲ್ಲಿ ಎರಡು ಕುರ್ಚಿ ಹಾಕಿಸಿ, “ಸುಮ್ಮ ಕೂಡ್ರಿ,” ಎಂದರು.

ಗುರುನಾಥ ಪ್ಲಾಸ್ಟಿಕ್ ಹೊದಿಕೆ ಎಳೆದ. “ನೋಡ್ರಿ ಮಾಲಕ್ರ, ಕಡಕ್ ಹೊಸಾ ಮಾಲು. ಮೂವತ್ತೆರಡು ಎಂಬಿ ರ‍್ಯಾಮ್. ಕಲರ್ ಮಾನಿಟರ್. ಸ್ಪೀಕರ್ ಎರಡ. ದೀಪಾವಳಿಗಿ ಹಾಡ ಹಚ್ಚಿದ್ರ ಇಡೀ ಓಣಿ ನಿಮ್ ಮನಿ ಮುಂದ ನಿಂದರ್ತದ.”

“ಪ್ರಿಂಟರ್, ಯುಪಿಎಸ್ ಕೇಳು,” ಎಂದು ನಾನು ಸುವರ್ಣಾಳ ಕಿವಿಯಲ್ಲಿ ಹೇಳಿದೆ. ಅವಳು ಬಾಯಿ ತೆರೆಯುವಷ್ಟರಲ್ಲಿ ಭಾವನವರು ಹೆಗಲಿನ ಟವೆಲ್ ತೆಗೆದು ಗುರುನಾಥನ ಬಲಗೈ ಮೇಲೆ ಹಾಸಿಬಿಟ್ಟರು.

ಈ ಪದ್ಧತಿಯನ್ನು ಅರಿಯದವರಿಗೆ ಹೇಳಬೇಕು. ಅಡತ್ತಿನಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಬಟ್ಟೆಯ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಒತ್ತುತ್ತಾರೆ. ಯಾವ ಬೆರಳು, ಎಷ್ಟು ಬೆರಳು ಎಂಬುದೇ ಲೆಕ್ಕ. ಸುತ್ತ ನಿಂತವರಿಗೆ ಟವೆಲ್ ಅಲ್ಲಾಡುವುದು ಮಾತ್ರ ಕಾಣುತ್ತದೆ. ಕೈ ಬಿಡಿಸಿಕೊಂಡರೆ ವ್ಯಾಪಾರ ಮುಗಿಯಿತು. ಆಮೇಲೆ ಹಿಂದೆ ಸರಿದವನು ಬಜಾರಿನಲ್ಲಿ ತಲೆ ಎತ್ತುವಂತಿಲ್ಲ. ತೊಗರಿಗೆ ಇದು ನಡೆಯುತ್ತದೆ, ಏಕೆಂದರೆ ಅದಕ್ಕೂ ಮೊದಲು ಚೀಲದ ಹೊಟ್ಟೆಗೆ ಕಬ್ಬಿಣದ ಕೊಳವೆ ಚುಚ್ಚಿ ನಡುವಿನ ಕಾಳು ತೆಗೆದು ನೋಡಿರುತ್ತಾರೆ. ಈ ಚೀಲವನ್ನು ಯಾರೂ ಚುಚ್ಚಿರಲಿಲ್ಲ.

ಟವೆಲ್ ಕುಣಿಯಿತು, ನಿಂತಿತು. ಭಾವನವರು ಅದನ್ನು ಝಾಡಿಸಿ ಹೆಗಲಿಗೇರಿಸಿದರು. “ಆಯ್ತು. ಗಾಡ್ಯಾಗ ಹಾಕು.”

ನಾನು ಎದ್ದೆ. ಕೀಲಿಮಣೆಯ ಬಳಿ ಹೋಗಿ ನೋಡಿದೆ. ಎ ಮತ್ತು ಎಸ್ ಅಕ್ಷರಗಳು ಅರ್ಧ ಅಳಿಸಿದ್ದವು. ಉದ್ದನೆಯ ಸ್ಪೇಸ್ ಪಟ್ಟಿ ಒಂದು ಕಡೆ ಮಾತ್ರ ನುಣುಪಾಗಿ ಹೊಳೆಯುತ್ತಿತ್ತು. ಡಬ್ಬಿಯ ಹಿಂದಿನ ತಿರುಪುಗಳ ತಲೆ ತಿಂದುಹೋಗಿತ್ತು. ಫ್ಯಾನಿನ ರೆಕ್ಕೆಗೆ, ತೊಳೆದರೂ ಹೋಗದ ಒಲೆಗೋಡೆಯ ಜಿಡ್ಡಿನಂಥ ಧೂಳು ಮೆತ್ತಿತ್ತು. ಯಾವುದೋ ಕಚೇರಿ ಉಪಯೋಗಿಸಿ ಬಿಸಾಡಿದ ಯಂತ್ರ ಅದು.

“ಒಮ್ಮೆ ಚಾಲೂ ಮಾಡ್ರಿ,” ಎಂದೆ.

ಗುರುನಾಥ ನಕ್ಕ. “ವ್ಯಾಪಾರ ಮುಗದದ್ರಿ ಬಾಯಾರ. ಇದು ಮಿಕ್ಸರ್ ಅಲ್ಲ, ಚಟ್ನಿ ರುಬ್ಬಿ ನೋಡಾಕ.”

“ಮಿಕ್ಸರ್ ತಂದಾಗ ರುಬ್ಬಿ ನೋಡೇ ತಂದೇನ್ರಿ. ಚಾಲೂ ಮಾಡ್ರಿ.”

ಜೊತೆಗಾರರು ನೋಡುತ್ತಿದ್ದರು. ಅವನು ಗುಂಡಿ ಒತ್ತಲೇಬೇಕಾಯಿತು. ಯಂತ್ರ ಎಚ್ಚರವಾಗುವಾಗ ತನ್ನ ರ‍್ಯಾಮ್ ಎಷ್ಟೆಂದು ತಾನೇ ಎಣಿಸಿ ಪರದೆಯ ಮೇಲೆ ತೋರಿಸುತ್ತದೆ ಎಂದು ಜೇವರ್ಗಿಯಲ್ಲಿ ಹೇಳಿದ್ದರು. ಮೂವತ್ತೆರಡು ಎಂಬಿ ಇದ್ದರೆ ಅಂಕಿ ೩೨೭೬೮ರವರೆಗೆ ಓಡಬೇಕು. ಅದು ೧೬೩೮೪ಕ್ಕೆ ನಿಂತಿತು.

“ಇದು ಹದಿನಾರೇ ಅದ,” ಎಂದೆ. “ಮತ್ತ ಇದು ಹೊಸಾದೂ ಅಲ್ಲ.”

ಭಾವನವರ ಹಣೆಯ ವಿಭೂತಿಯ ಮೇಲೆ ಬೆವರಿನ ಗೆರೆ ಇಳಿಯಿತು. ಸಿಟ್ಟು ಗುರುನಾಥನ ಮೇಲೆ ಬರಬೇಕಿತ್ತು. ನನ್ನ ಮೇಲೆ ಬಂತು. ಅದುವರೆಗಿನ ಪದ್ಧತಿ ಮರೆತು ನೇರವಾಗಿ ನನ್ನ ಮುಖ ನೋಡಿಯೇ ಕೂಗಿದರು. “ಕೈ ಕೊಟ್ಟೇನಿ ನಾನು! ನಾಕ ಮಂದ್ಯಾಗ ನನ್ನ ಮಾರಿಗಿ ಮಸಿ ಬಳಿಯಾಕತ್ತೀಯೇನ್? ನಡಿ ಮನಿಗಿ!”

“ನಡೀರಿ ವೈನಿ,” ಎಂದು ಸುವರ್ಣಾ ಎದ್ದಳು. ಅವಳು ಹೊರಟಳೆಂದೇ ನಾನು ತಿಳಿದೆ. ಆದರೆ ಬಾಗಿಲ ಕಡೆ ಹೋಗಲಿಲ್ಲ. ಅಣ್ಣನ ಎದುರು ನಿಂತು, ಸೊಟ್ಟ ಹೆಬ್ಬೆರಳಿನ ಕೈಯನ್ನು ಸೆರಗಿನಿಂದ ಹೊರಗೆ ತೆಗೆದಳು.

“ನನ್ನ ಲಗ್ನದ ಮಾತಿಗೂ ಹಿಂಗೇ ಕೈ ಕೊಟ್ಟು ಬಂದಿದ್ದಿ ಅಣ್ಣಾ. ಒಳಗ ಎಂಥಾ ಮಾಲು ಅದ ಅಂತ ಆವಾಗೂ ಯಾರೂ ನೋಡ್ಲಿಲ್ಲ.”

ಜೊತೆಗಾರರಲ್ಲಿ ಒಬ್ಬರು ಎದ್ದು ಚಪ್ಪಲಿ ಹುಡುಕತೊಡಗಿದರು.

ನಾನು ಆದಷ್ಟು ಮೆಲ್ಲಗೆ ಹೇಳಿದೆ. “ಭಾವಾರ, ನಿಮ್ಮ ಕೈ ಹೇಳಿದ ದರ ಹಂಗೇ ಇರ್ಲಿ, ಒಂದು ರೂಪಾಯಿ ಕಡಿಮಿ ಬ್ಯಾಡ. ಟವೆಲ್ಲಿನ ಕೆಳಗ ದರ ಅಷ್ಟೇ ಆಗ್ಯಾದ. ಮಾಲು ಮೂವತ್ತೆರಡು ಅಂತ ಇವರು ಬಾಯಿಲೆ ಹೇಳ್ಯಾರ, ಎಲ್ಲಾರೂ ಕೇಳ್ಯಾರ. ತೋರಿಸಿದ ಕಾಳು ಬ್ಯಾರೆ, ಚೀಲದಾಗಿನ ಕಾಳು ಬ್ಯಾರೆ ಆದ್ರ ಅಡತ್ತಿನಾಗ ಏನ್ ಮಾಡ್ತೀರಿ?”

“ಹೆಂಗಸರ ಕೂಡ ನಾ ವ್ಯಾಪಾರ ಮಾಡಾಂಗಿಲ್ಲ,” ಎಂದ ಗುರುನಾಥ.

“ಮಾಡಬ್ಯಾಡ,” ಎಂದರು ಭಾವನವರು. ದನಿ ಕೆಳಗಿಳಿದಿತ್ತು; ಅದು ಕೂಗಿಗಿಂತ ಕೆಟ್ಟದಾಗಿತ್ತು. “ನನ್ನ ಕೂಡ ಮಾಡೀದಿ. ಚೀಲಾ ಬದ್ಲಿ ಮಾಡು, ಮಗನಾ. ಆಕಿ ಏನ್ ಕೇಳ್ತಾಳ ಅದ್ ಕೊಡು.” ಹಾಗೆಂದು ಹೊರಗೆ ಹೋಗಿ ರಸ್ತೆಗೆ ಮುಖ ಮಾಡಿ ನಿಂತರು.

ಕಲರ್ ಮಾನಿಟರ್, ಸ್ಪೀಕರ್ ತೆಗೆಸಿದೆ. ಬದಲಿಗೆ ಅದೇ ದರಕ್ಕೆ ಕಪ್ಪುಬಿಳುಪು ಮಾನಿಟರ್, ಯುಪಿಎಸ್, ಪ್ರಿಂಟರ್ ಹಾಕಿಸಿದೆ. ಹೊಸ ಪೆಟ್ಟಿಗೆಯನ್ನು ನಮ್ಮ ಎದುರೇ ಬಿಚ್ಚಿಸಿ ಅಂಕಿ ೩೨೭೬೮ ಮುಟ್ಟುವವರೆಗೆ ನಿಂತು ನೋಡಿದೆ. ನಂತರ ಸುವರ್ಣಾಳನ್ನು ಕೂರಿಸಿ ಒಂದು ಪುಟ ಟೈಪು ಮಾಡಿಸಿದೆ. ಸ್ಪೇಸ್ ಪಟ್ಟಿಯನ್ನು ಅವಳು ಬಲ ಹೆಬ್ಬೆರಳಿನಿಂದ ಒತ್ತುವುದು ಕಂಡು ನಿಶ್ಚಿಂತಳಾದೆ. ಗುರುನಾಥ ಬಿಲ್ಲನ್ನು ನನ್ನ ಕೈಗೆ ಕೊಡದೆ ಮೇಜಿನ ಮೇಲೆ ಎಸೆದ.

ಮನೆಯಲ್ಲಿ ಯಾರಿಗೂ ಆ ಯಂತ್ರ ಹಿಡಿಸಲಿಲ್ಲ. “ಇಷ್ಟ್ ರೊಕ್ಕ ಸುರುವಿ ಕರೀ-ಬಿಳೀ ಡಬ್ಬಿ ತಂದಾರ, ಒಂದ್ ಹಾಡ್ ಸುದ್ದಾ ಬರಾಂಗಿಲ್ಲ,” ಎಂದು ನೆಗೆಣ್ಣಿ, ಭಾವನವರ ಹೆಂಡತಿ, ಬಂದವರ ಮುಂದೆಲ್ಲ ಆಡಿಕೊಂಡರು. ಭಾವನವರು ನಾನು ಬಡಿಸಿದರೆ ಉಣ್ಣುವುದನ್ನು ಬಿಟ್ಟರು. ವಕೀಲರ ಕಾಗದಗಳು ಮಾತ್ರ ಬರತೊಡಗಿದವು. ನಡುಮನೆಯಲ್ಲಿ ಪ್ರಿಂಟರ್ ಹಲ್ಲು ಕಡಿಯುವ ಸದ್ದು ದಿನವೂ ಕೇಳುತ್ತಿತ್ತು.

ಯುಗಾದಿ ಕಳೆಯಿತು. ಮಣ್ಣೂರಿನಿಂದ ಸುವರ್ಣಾಳ ಗಂಡನೂ ಅವನ ಕಾಕಾನೂ ಬಂದರು. ನಾನು ನೀರಿನ ತಂಬಿಗೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದೆ. ಒಳಗೆ ಕೀಲಿಗಳ ಸದ್ದು ನಿಂತುಹೋಯಿತು.

“ಕಳಿಸ್ರಿ ಭಾವಾರ, ಮಧ್ಯಾಹ್ನದ ಬಸ್ ಹಿಡೀಬೇಕು,” ಎಂದ ಗಂಡ.

ಭಾವನವರು ಕಟ್ಟೆಯಿಂದ ಏಳಲಿಲ್ಲ. “ಆಕಿ ಬರಾಂಗಿಲ್ಲ. ಕೆಲಸದಾಗ ಇದ್ದಾಳ.”

“ತಂಗಿ ದುಡಿಮಿ ತಿಂತೀರೇನ್ರಿ? ನಾಚಿಕಿ ಆಗಾಂಗಿಲ್ಲೇನ್?”

“ಆಗ್ಯಾದ. ನಡು ಬಜಾರದಾಗ, ಎಲ್ಲಾರ ಮುಂದ ಆಗ್ಯಾದ. ಮತ್ತ ಆಗಾಕ ಏನೂ ಉಳದಿಲ್ಲ. ನೀರ್ ಕುಡದು ಹೋಗ್ರಿ.”

ಅವರು ನೀರನ್ನೂ ಕುಡಿಯದೆ ಹೋದರು. ಒಳಗೆ ಕೀಲಿಗಳ ಸದ್ದು ಮತ್ತೆ ಶುರುವಾಯಿತು. ಭಾವನವರು ಗೋಡೆಗೆ ಹೇಳಿದರು: “ಕಾನ್ವೆಂಟಿನವರಿಗಿ ಹೇಳ್ರಿ, ಬಾಗಲಾ ಹಾಕ್ಕೋಬೇಕಂತ.” ದನಿಯಲ್ಲಿ ಹಳೆಯ ವಿಷ ಒಂದು ಹನಿಯೂ ಕಡಿಮೆಯಾಗಿರಲಿಲ್ಲ.

ನನ್ನ ಹುದ್ದೆ ನನಗೆ ಕಲಿಸಿದ್ದು ಇದು. ಮನೆಗೆ ಒಂದು ವಸ್ತು ಆರಿಸುವಾಗ ಅದರ ಮುಂದೆ ದಿನವೂ ಯಾರು ಕೂರುತ್ತಾರೋ ಅವರನ್ನು ಮೊದಲು ಕೂರಿಸಿ ನೋಡಬೇಕು. ಉಳಿದವರೂ ಮೆಚ್ಚಲಿ ಎಂದು ಕಾಯಬಾರದು. ಭಾವನವರು ಕೊನೆಯವರೆಗೂ ನನ್ನ ಕೈಯ ಊಟ ಮುಟ್ಟಲಿಲ್ಲ. ಸುವರ್ಣಾ ಬಡಿಸಿದರೆ ಮಾತ್ರ ತಟ್ಟೆ ಮುಂದೆ ಸರಿಸುತ್ತಿದ್ದರು.