ದೊಡ್ಡ ತೂತಿನ ಜೆಟ್ಟು

ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನೂ ಬಂಕಿನಲ್ಲಿ ಮೀಟರಿನ ಸೊನ್ನೆಯನ್ನೂ ನೋಡದೆ ನಾನು ಈವರೆಗೆ ಏನನ್ನೂ ಕೊಂಡವನಲ್ಲ. ಪಿಲ್ಲಗುಂಪೆಯ ಕಾರ್ಖಾನೆಯಲ್ಲಿ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಅಲ್ಲಿ ಸಂಬಳಕ್ಕಾಗಿ ಅನುಮಾನ ಪಡುತ್ತೇನೆ, ಮನೆಗೆ ಬಂದ ಮೇಲೆ ಪುಕ್ಕಟೆಯಾಗಿ.

ಬಾಮೈದ ಮಂಜು ತನ್ನ ಹಳೆಯ ಬೈಕನ್ನು ರೇಸಿಗೆ ಬಿಡಲು ನೈಟ್ರಸ್ ಆಕ್ಸೈಡ್ ಸಿಲಿಂಡರು ತಂದು ನಮ್ಮ ಅಂಗಳದಲ್ಲಿಟ್ಟ. ಅದರ ಪಕ್ಕ ಹಾಯುವಾಗೆಲ್ಲ ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಹಲ್ಲಿನ ಡಾಕ್ಟರು ಕೊಡುವ ನಗೆ ಅನಿಲವೂ ಇದೇ ಎಂದು ಎಲ್ಲೋ ಓದಿದ್ದೆ. ಹಲ್ಲು ಕೀಳುವಾಗಲೂ ನಗಿಸುವ ವಸ್ತುವನ್ನು ನಂಬುವುದು ಹೇಗೆ?

ಭಾನುವಾರ ಮೆಕ್ಯಾನಿಕ್ ಸಲೀಂ ಭಾಯ್ ಬಂದರು. ವಯಸ್ಸಾದವರು, ಹೊಸಕೋಟೆಯಲ್ಲಿ ಹೆಸರಿದ್ದ ಕೈ. "ಈ ಗ್ಯಾಸ್ ತಾನಾಗಿ ಉರಿಯಲ್ಲ ಸಾರ್, ಉರಿಯೋದಕ್ಕೆ ಜೋರು ಕೊಡ್ತದೆ. ಇದು ಒಳಕ್ಕೆ ಹೋದಾಗ ಪೆಟ್ರೋಲೂ ಜಾಸ್ತಿ ಹೋಗ್ಬೇಕು. ಇಲ್ಲಾಂದ್ರೆ ಬಿಸಿ ತಡೀದೆ ಪಿಸ್ಟನ್ನೇ ಕರಗೋಗ್ತದೆ" ಎನ್ನುತ್ತ, ಪೆಟ್ರೋಲು ಹಾಯುವ ಹಿತ್ತಾಳೆಯ ಪುಟ್ಟ ಜೆಟ್ಟನ್ನು ಬಿಚ್ಚಿ, ದೊಡ್ಡ ತೂತಿನದನ್ನು ಕೂರಿಸಿದರು.

ಪೆಟ್ರೋಲು ಜಾಸ್ತಿಯಂತೆ. ನಮ್ಮ ಕಡೆ ಗಾಡಿ ಕಂಡವರು ಮೊದಲು ಕೇಳುವುದು ವೇಗವನ್ನಲ್ಲ, "ಎಷ್ಟು ಕೊಡ್ತದೆ?" ಎಂದು. ಲೀಟರಿಗೆ ಎಷ್ಟು ಕಿಲೋಮೀಟರು ಎಂದರ್ಥ. ಚಿಕ್ಕ ಜೆಟ್ಟು ಹಾಕಿ, ಏರಿನಲ್ಲಿ ಗಾಡಿ ಕೆಮ್ಮಿದರೂ ಮೈಲೇಜು ಹೇಳಿಕೊಂಡು ಮೀಸೆ ತಿರುವುವ ವಂಶ ನನ್ನದು. ಬಂಕಿನವರಿಗೂ ಭಾಯಿಗೂ ಏನೋ ಒಳಒಪ್ಪಂದವಿದೆ ಎಂದು ನನಗೆ ಖಾತ್ರಿಯಾಯಿತು. ಭಾಯ್ ಮತ್ತು ಮಂಜು ಊಟಕ್ಕೆ ಹೋದಾಗ ಹಳೆಯ ಚಿಕ್ಕ ಜೆಟ್ಟನ್ನೇ ಮತ್ತೆ ಕೂರಿಸಿ, ದೊಡ್ಡದನ್ನು ಜೇಬಿಗಿಳಿಸಿದೆ.

ಊಟ ಮುಗಿಸಿ ಬಂದ ಭಾಯ್ ಎರಡೇ ಕ್ಷಣ ಗ್ಯಾಸ್ ಬಿಟ್ಟು, ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿದರು. ಬಿಸ್ಕತ್ತಿನ ಬಣ್ಣಕ್ಕಿರಬೇಕಾದ ತುದಿ ವಿಭೂತಿಯ ಹಾಗೆ ಬೆಳ್ಳಗಾಗಿತ್ತು. ಪೆಟ್ರೋಲು ಸಾಲದೆ ಒಳಗೆ ಕಾದುಹೋಗಿದೆ ಎಂಬುದಕ್ಕೆ ಅದೇ ಗುರುತು. ಜೆಟ್ಟನ್ನು ತೆಗೆದು ಬೆಳಕಿಗೆ ಹಿಡಿದರು. ಚಿಕ್ಕ ತೂತು.

"ದೊಡ್ಡದು ಹಾಕೇ ಇಲ್ವಲ್ಲ ಭಾಯ್. ಹಿಂಗೇ ರೇಸಿಗೆ ಬಿಟ್ಟಿದ್ರೆ ನನ್ ಗತಿ ಏನು?" ಎಂದ ಮಂಜು.

ಭಾಯ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿಕೊಂಡರು. "ಹಾಕ್ದೆ ಅನ್ಕೊಂಡಿದ್ದೆ ಕಣಪ್ಪ. ಕಣ್ಣು ಮೋಸ ಮಾಡ್ತಾ ಐತೆ. ಇನ್ಮೇಲೆ ನಾನು ಈ ಕೆಲ್ಸ ಮುಟ್ಬಾರ್ದು."

ನನ್ನನ್ನು ಯಾರೂ ಏನೂ ಕೇಳಲಿಲ್ಲ. ಎಲ್ಲರನ್ನೂ ಅನುಮಾನಿಸುವವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂಬ ಅನುಕೂಲ ತಿಳಿದದ್ದು ಆವತ್ತೇ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಆ ಮನುಷ್ಯ ತನ್ನ ಬೆರಳುಗಳನ್ನೇ ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದರು. ನಾಚಿಕೆಯಾಯಿತು. ಜೇಬಿನಲ್ಲಿದ್ದುದನ್ನು ಅವರ ಅಂಗೈಯಲ್ಲಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ.

ಮಂಜು "ಏನ್ ಭಾವ ನೀವು" ಎಂದು ತಲೆ ಚಚ್ಚಿಕೊಂಡ. ಭಾಯ್ ಬೈಯಲಿಲ್ಲ, ನಕ್ಕೇಬಿಟ್ಟರು. ದೊಡ್ಡ ಜೆಟ್ಟನ್ನು ಕೂರಿಸಿ, "ನೀವೂ ಒಂದ್ಸಲ ನೋಡ್ಕೊಂಡ್ಬಿಡಿ ಸಾರ್" ಎಂದರು.

"ಬೇಡ ಭಾಯ್, ನಿಮ್ಮ ಮೇಲೆ ನಂಬಿಕೆ ಇದೆ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲಿರಬೇಕು.

ಅವರು ಬಿಗಿದು ಮುಗಿಸಿ, ಕೈ ಒರೆಸಿಕೊಂಡರು. ಆಮೇಲೆ ಮತ್ತೆ ಬಿಚ್ಚಿ, ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು.