ಎಂಟು ಸೇರಿನ ಕಲ್ಲು ಎಡತಟ್ಟೆಗೆ

ಮಳವಳ್ಳಿಯ ಬೆಲ್ಲದ ಮಂಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದವನು ಬಾಬು ಜಾನ್. ನಲವತ್ತಮೂರನೆಯ ಇಸವಿಯಲ್ಲಿ ಅವನು ಸೊಂಟ ಉಳುಕಿಸಿಕೊಂಡು ಚಾಪೆ ಹಿಡಿದಾಗ, ಹೆಂಡತಿ ಸುಲ್ತಾನ್ ಬೀ ಸೆರಗು ಸಿಕ್ಕಿಸಿಕೊಂಡು ತಾನೇ ಹೋಗಿ ನಿಂತಳು. ಮಂಡಿಯ ಯಜಮಾನ ಕೆಂಪಸಿದ್ದಯ್ಯ ಒಂದು ವಾರ ನೋಡುತ್ತೇನೆ, ಒಂದು ತೂಕ ತಪ್ಪಿದರೂ ಬೇರೆಯವರನ್ನು ಇಡುತ್ತೇನೆ ಎಂದ. ಅಕ್ಷರ ಬಾರದ ಹೆಂಗಸು ಚೀಟಿ ಹೇಗೆ ಬರೆದಾಳು ಎಂಬುದು ಅವನ ಕುಹಕ.

ಸುಲ್ತಾನ್ ಬೀ ಚೀಟಿ ಬರೆಯಲೇ ಇಲ್ಲ. ಮೂಟೆ ಎಡತಟ್ಟೆಗೆ, ಮೂಟೆಗೆ ಗೊತ್ತುಮಾಡಿದ ತೂಕದ ದೊಡ್ಡ ಕಲ್ಲುಗಳು ಬಲತಟ್ಟೆಗೆ. ಹೆಚ್ಚುಕಡಿಮೆ ನೋಡಲು ಅವಳ ಬಳಿ ಎಂಟು, ನಾಲ್ಕು, ಎರಡು, ಒಂದು ಸೇರಿನ ನಾಲ್ಕೇ ಕಲ್ಲು. ಚಿಕ್ಕವು ಮೂರೂ ಯಾವಾಗಲೂ ಬಲಕ್ಕೆ. ಎಂಟರದು ಮಾತ್ರ ಮೂಟೆಯ ಜೊತೆ ಎಡಕ್ಕೆ, ಅದೂ ಮೂಟೆ ಹಗುರಾಗಿದ್ದರೆ. ತಕ್ಕಡಿ ಸಮ ನಿಂತಮೇಲೆ ಎಂಟರಿಂದ ಶುರುಮಾಡಿ, ಇಟ್ಟ ಕಲ್ಲಿಗೆ ಗೆರೆ, ಇಡದ ಕಲ್ಲಿಗೆ ಸೊನ್ನೆ, ಮೂಟೆಯ ಮೇಲೆ ಸುಣ್ಣದಲ್ಲಿ ನಾಲ್ಕು ಗುರುತು. ಸೊನ್ನೆ, ಸೊನ್ನೆ, ಗೆರೆ, ಗೆರೆ ಎಂದರೆ ಮೂರು ಸೇರು ಹೆಚ್ಚು. ಗಂಡಸರ ಕಾಗೆಕಾಲಿನ ಅಕ್ಷರಕ್ಕಿಂತ ಎಷ್ಟೋ ವಾಸಿ.

ಐದನೆಯ ದಿನ ಬೆಳಕವಾಡಿಯ ಅಂಕಯ್ಯನ ಮೂಟೆಯ ಮೇಲೆ ನಾಲ್ಕೂ ಗೆರೆಗಳೇ ಬಿದ್ದವು. ಕೆಂಪಸಿದ್ದಯ್ಯ ಬೆರಳು ಮಡಿಚಿ ಕೂಡಿದ: ಎಂಟು, ಹನ್ನೆರಡು, ಹದಿನಾಲ್ಕು, ಹದಿನೈದು. ಹದಿನೈದು ಸೇರು ಹೆಚ್ಚೇ? ಮೂಟೆ ನೋಡಿದರೆ ಸಡಿಲವಾಗಿದೆ. ಸಿಕ್ಕಿಬಿದ್ದಳು ಎಂದು ಖುಷಿಪಟ್ಟು ಮಂಡಿಯವರನ್ನೆಲ್ಲ ಕರೆದ. ಸುಲ್ತಾನ್ ಬೀಗೆ ಹೆದರಿಕೆಗಿಂತ ಸಿಟ್ಟೇ ಜಾಸ್ತಿ ಬಂತು.

"ಎಂಟ್‌ಸೇರ್ ಕಲ್ಲು ಮೂಟೆ ಕಡೀಕೈತೆ ಸಿದ್ದಯ್ಯನೋರೆ. ಅದ್ನ ಕೂಡ್ಬಾರ್ದು, ಕಳೀಬೇಕು. ಚಿಕ್ಕವು ಮೂರೂ ಕೂಡಿದ್ರೆ ಏಳು, ಏಳ್ರಲ್ಲಿ ಎಂಟು ಹೋದ್ರೆ ಒಂದು ಸೇರು ಕಮ್ಮಿ," ಎಂದಳು.

ಯಾರೂ ನಂಬಲಿಲ್ಲ. ಅವಳು ಒಂದು ಸೇರು ಬೆಲ್ಲ ತರಿಸಿ ಮೂಟೆಗೆ ಹಾಕಿದಳು, ತನ್ನ ನಾಲ್ಕೂ ಕಲ್ಲನ್ನು ಕೆಳಗಿಳಿಸಿದಳು. ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿತು. ನಾಲ್ಕು ಗೆರೆಗಳನ್ನು ಅಂಗೈಯಲ್ಲಿ ಒರೆಸಿ ನಾಲ್ಕು ಸೊನ್ನೆ ಸುತ್ತಿದಳು.

ತಪ್ಪು ಒಪ್ಪುವುದು ಕೆಂಪಸಿದ್ದಯ್ಯನ ಜಾಯಮಾನವೇ ಅಲ್ಲ. ಆದರೂ ಎಲ್ಲರೆದುರೇ ಹೇಳಿದ: "ಬಾಬು ಜಾನ್ ವಾಸಿಯಾಗಿ ಬಂದ್ರೂ ತಕ್ಕಡಿ ನಿಂದೇ ಕಣಮ್ಮ. ಅವ್ನಿಗೆ ಬ್ಯಾರೆ ಕೆಲ್ಸ ಕೊಡ್ತೀನಿ ಬುಡು."

ಮನೆಗೆ ಬಂದು ಇದನ್ನು ಗಂಡನಿಗೆ ಹೇಳುವಾಗ ಅವಳ ನಾಲಗೆ ತಡವರಿಸಿತು. ಬಾಬು ಜಾನ್ ಸೊಂಟ ಹಿಡಿದುಕೊಂಡು ನಕ್ಕ. ಮರುದಿನ ಬೆಳಿಗ್ಗೆ ಗೋಡೆ ಹಿಡಿದು ಎದ್ದು ಹೆಂಡತಿಯ ಬುತ್ತಿಯನ್ನು ತಾನೇ ಕಟ್ಟಿಕೊಟ್ಟ.